ಗತಸಿಕ್ಥಮೂಷಾಗರ್ಭ: ಒಂದು ದೃಷ್ಟಾಂತದ ಅರ್ಥವಿಚಾರ

ಮುಕ್ತಿಯನ್ನೈದಿದ ಜೀವನಿಗೆ ಶರೀರವಿಲ್ಲ, ಆದರೂ ಆಕಾರವುಂಟು. ಅವನು ಅಮೂರ್ತನು, ವರ್ಣರಸಗಂಧಸ್ಪರ್ಶಗಳಿಲ್ಲದವನು. ಆದರೂ ಚರಮದೇಹಕ್ಕಿಂತ ಕಿಂಚಿದೂನವಾದ ಪುರುಷಾಕಾರದಿಂದ ಲೋಕಾಗ್ರದಲ್ಲಿ ನೆಲಸಿರುವನು. ಶರೀರವಿಲ್ಲದೆ ಶರೀರದ ಆಕಾರ ಉಳಿಯುವುದು ಹೇಗೆಂಬ ಶಂಕೆಗೆ ಶಾಸ್ತ್ರಕಾರರು ಕೊಟ್ಟಿರುವ ದೃಷ್ಟಾಂತಗಳಲ್ಲಿ ಅತ್ಯಂತ ಅರ್ಥವತ್ತಾದುದು ‘ಗತಸಿಕ್ಥಮೂಷಾಗರ್ಭ’ ಎಂಬುದು. ಯತಿವೃಷಭಾಚಾರ್ಯರ ತಿಲೋಯಪಣ್ಣತ್ತಿಯ ಕೊನೆಯ ಮಹಾಧಿಕಾರದಲ್ಲಿ ಇದು ಪ್ರಾಕೃತರೂಪದಲ್ಲಿ ‘ಗಯಸಿತ್ಥಮೂಸಗಬ್ಭ’ ಎಂದು ಬಂದಿದೆ. ಬಹುಕಾಲದ ಮೇಲೆ ದ್ರವ್ಯಸಂಗ್ರಹಕ್ಕೆ ಸಂಸ್ಕೃತ ವೃತ್ತಿಯನ್ನು ರಚಿಸಿದ ಬ್ರಹ್ಮದೇವನು ಐವತ್ತೊಂದನೆಯ ಗಾಹೆಯ ‘ಪುರುಷಾಕಾರ’ ಶಬ್ದವನ್ನು ವಿವರಿಸುವಾಗ ಇದನ್ನೇ ಎತ್ತಿಕೊಂಡು, ಇದರ ಜೊತೆಗೆ ‘ಛಾಯಾಪ್ರತಿಮೆ’ ಎಂಬ ಇನ್ನೊಂದು ದೃಷ್ಟಾಂತವನ್ನೂ ಇರಿಸಿದ್ದಾನೆ. ಸ್ವಾಧ್ಯಾಯದಲ್ಲಿ ಈ ಪದಸಮುಚ್ಚಯವನ್ನು ಕೇಳದ ಶ್ರಾವಕರು ವಿರಳ. ಆದರೆ ಕೇಳಿದವರೆಲ್ಲರೂ ಅದನ್ನು ಕಣ್ಣಮುಂದೆ ತಂದುಕೊಳ್ಳಬಲ್ಲರೆಂದು ಹೇಳುವಂತಿಲ್ಲ. ಇದಕ್ಕೆ ಕಾರಣ ಕೇಳುವವರ ಅಶಕ್ತಿಯಲ್ಲ, ಅರ್ಥ ಹೇಳುವವರ ಅನವಧಾನ.

ಸಾಮಾನ್ಯವಾಗಿ ಹೇಳುವ ಅರ್ಥ ಹೀಗಿದೆ: ‘ಮೇಣವಿಲ್ಲದ ಮೂಸೆಯ ಒಳಭಾಗದಂತೆ’. ಶಬ್ದಕ್ಕೆ ಶಬ್ದವಿಟ್ಟರೆ ಇದರಲ್ಲಿ ತಪ್ಪೇನೂ ಇಲ್ಲದಂತೆ ತೋರುತ್ತದೆ. ಆದರೆ ಕನ್ನಡದಲ್ಲಿ ಮೂಸೆ ಎಂದೊಡನೆ ನೆನಪಾಗುವುದು ಅಕ್ಕಸಾಲಿಗನು ಚಿನ್ನ ಕರಗಿಸುವ ಪುಟ್ಟ ಮಣ್ಣಿನ ಬಟ್ಟಲು. ಆ ಬಟ್ಟಲಿಗೆ ಮೇಣವನ್ನು ಏಕೆ ಹಾಕಬೇಕು? ಹಾಕಿದರೂ ಅದು ಹೋದ ಮೇಲೆ ಉಳಿಯುವುದು ಬಟ್ಟಲಿನ ಗುಂಡುಗುಳಿಯೇ ಹೊರತು ಪುರುಷಾಕಾರವಲ್ಲ. ಸಿದ್ಧನ ಆಕಾರವನ್ನು ಬಟ್ಟಲಿನ ಗುಳಿಗೆ ಹೋಲಿಸಿದರೆ ದೃಷ್ಟಾಂತವು ದಾರ್ಷ್ಟಾಂತಿಕಕ್ಕೆ ನೆರವಾಗುವ ಬದಲು ಬಾಧಕವಾಗುತ್ತದೆ. ಶಾಸ್ತ್ರಕಾರರು ಇಷ್ಟು ದುರ್ಬಲವಾದ ಹೋಲಿಕೆಯನ್ನು ಆರಿಸಿಕೊಂಡರೆಂದು ನಂಬುವುದಕ್ಕಿಂತ, ಅರ್ಥ ಹೇಳುವಲ್ಲಿ ಏನೋ ತಪ್ಪಿದೆಯೆಂದು ಶಂಕಿಸುವುದೇ ಯುಕ್ತ.

ಸಿಕ್ಥ ಶಬ್ದದ ಕಷ್ಟ ಇದಕ್ಕಿಂತ ಸೂಕ್ಷ್ಮವಾದುದು. ಸಂಸ್ಕೃತದಲ್ಲಿ ಈ ಶಬ್ದಕ್ಕೆ ಅನ್ನದ ಅಗುಳು, ಜೇನುಮೇಣ ಎಂಬ ಎರಡು ಅರ್ಥಗಳೂ ಸಲ್ಲುತ್ತವೆ. ಜೈನ ವಿದ್ವಾಂಸರ ಕಿವಿಗೆ ಮೊದಲನೆಯ ಅರ್ಥವೇ ಹೆಚ್ಚು ಪರಿಚಿತ. ಸಲ್ಲೇಖನೆಯ ಪ್ರಕರಣದಲ್ಲಿ ಪಾನಕಭೇದಗಳನ್ನು ಹೇಳುವ ಭಗವತೀ ಆರಾಧನೆಯಲ್ಲಿ ಸಸಿಕ್ಥ, ಅಸಿಕ್ಥ ಎಂಬ ವಿಭಾಗವಿದೆ. ಅಲ್ಲಿ ಅಗುಳಿರುವ ಮತ್ತು ಅಗುಳಿಲ್ಲದ ಪಾನಕಗಳೆಂದೇ ಅರ್ಥ. ಮಹಾಮತ್ಸ್ಯದ ಕಿವಿಯಲ್ಲಿದ್ದು ಮನೋದೋಷಮಾತ್ರದಿಂದ ನರಕಕ್ಕಿಳಿದ ಶಾಲಿಸಿಕ್ಥ ಮತ್ಸ್ಯದ ಕಥೆ ಮಕ್ಕಳಿಗೂ ತಿಳಿದದ್ದು. ಅಲ್ಲಿಯೂ ಅಕ್ಕಿಕಾಳಿನ ಗಾತ್ರವೇ ವಿವಕ್ಷಿತ. ಈ ಬಳಕೆಯಲ್ಲಿ ಬೆಳೆದ ಓದುಗನು ‘ಗತಸಿಕ್ಥ’ವನ್ನು ಕಂಡಾಗ ಒಂದು ಕ್ಷಣ ಅಗುಳನ್ನೇ ನೆನೆಯುವುದು ಸಹಜ. ಓಲೆಯ ಪ್ರತಿಗಳ ವಿಷಯವಂತೂ ಬೇರೆ. ಕನ್ನಡ ಲಿಪಿಯಲ್ಲಿ ಒತ್ತಕ್ಷರವಾಗಿ ಬರುವ ಥಕಾರ ತಕಾರಗಳಿಗೆ ಕಂಠದ ಮೊನೆಯಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಅರ್ಥವರಿಯದ ಲಿಪಿಕಾರನ ಕೈಯಲ್ಲಿ ‘ಸಿಕ್ಥ’ವು ‘ಸಿಕ್ತ’ವಾಗಿಬಿಡುವುದು ಸುಲಭ. ಹಾಗಾದರೆ ‘ನೆನೆದದ್ದು’ ಎಂಬ ಅರ್ಥ ಬಂದು ವಾಕ್ಯವೇ ನಿಲ್ಲುವುದಿಲ್ಲ. ಅಮರಕೋಶವು ಮಧೂಚ್ಛಿಷ್ಟಕ್ಕೆ ಸಿಕ್ಥಕವನ್ನು ಪರ್ಯಾಯವಾಗಿ ಕೊಟ್ಟಿರುವುದನ್ನು ನೆನಪಿನಲ್ಲಿಟ್ಟುಕೊಂಡ ಸಂಪಾದಕನಿಗೆ ಮಾತ್ರ ಇಲ್ಲಿ ದಾರಿ ಸ್ಪಷ್ಟವಾಗುತ್ತದೆ.

ಹೀಗೆ ಎರಡು ಶಬ್ದಗಳೂ ತಮ್ಮ ಸರಿಯಾದ ಅರ್ಥವನ್ನು ಬಿಟ್ಟುಕೊಡದಿರುವಲ್ಲಿ, ಕೋಶವನ್ನು ಮುಚ್ಚಿಟ್ಟು ಕಂಚುಗಾರನ ಕೆಲಸದ ಕಡೆಗೆ ತಿರುಗಬೇಕಾಗುತ್ತದೆ. ಆ ಕೆಲಸವನ್ನು ವಿಶದವಾಗಿ ಬರೆದಿಟ್ಟ ಗ್ರಂಥ ಕನ್ನಡನಾಡಿನಲ್ಲಿಯೇ ಹುಟ್ಟಿದೆ. ಹುಮನಾಬಾದಿನಿಂದ ಹೈದರಾಬಾದಿನ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಮನ್ನಾಏಖೇಳ್ಳಿ ಎಂಬ ಊರಿದೆ. ಅಲ್ಲಿ ನಿಂತರೆ ಪಶ್ಚಿಮಕ್ಕೆ ಚಾಲುಕ್ಯರ ಕಲ್ಯಾಣ, ದಕ್ಷಿಣಕ್ಕೆ ರಾಷ್ಟ್ರಕೂಟರ ಮಾನ್ಯಖೇಟವಾದ ಮಳಖೇಡ, ಈಶಾನ್ಯಕ್ಕೆ ಬೀದರ. (ಮನ್ನಾಏಖೇಳ್ಳಿ, ಮಾನ್ಯಖೇಟ ಎಂಬ ಹೆಸರುಗಳ ಧ್ವನಿಸಾಮ್ಯವನ್ನು ಕಂಡು ಸಂಬಂಧ ಕಟ್ಟುವ ಆಸೆ ಕೆಲವರಿಗೆ ಉಂಟಾಗಬಹುದು, ಧ್ವನಿಸಾಮ್ಯ ಎಷ್ಟು ದೂರ ದಾರಿ ತಪ್ಪಿಸುತ್ತದೆಂಬುದಕ್ಕೆ ಮೇಲಿನ ಸಿಕ್ಥ ಶಬ್ದವೇ ಸಾಕು.) ಈ ಮೂರು ಸ್ಥಳಗಳೂ ಪ್ರಕೃತ ವಿಚಾರಕ್ಕೆ ಸಾಕ್ಷಿ ನುಡಿಯುತ್ತವೆ, ಆದರೆ ಮೂರರ ಸಾಕ್ಷ್ಯವೂ ಒಂದೇ ಬೆಲೆಯದಲ್ಲ.

ಕಲ್ಯಾಣದ ಸಾಕ್ಷ್ಯವೇ ಮುಖ್ಯವಾದುದು. ಭೂಲೋಕಮಲ್ಲನೆಂಬ ಬಿರುದಿನ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ಮಾನಸೋಲ್ಲಾಸ ಅಥವಾ ಅಭಿಲಷಿತಾರ್ಥಚಿಂತಾಮಣಿಯಲ್ಲಿ ಶಕ ೧೦೫೧, ಎಂದರೆ ಕ್ರಿ. ಶ. ೧೧೨೯ರ ಉಲ್ಲೇಖವಿದೆ. ಅದರ ಮೊದಲ ಭಾಗ ಬರೋಡೆಯಿಂದ ಶ್ರೀಗೊಂಡೇಕರರ ಸಂಪಾದಕತ್ವದಲ್ಲಿ ೧೯೨೫ರಲ್ಲಿಯೂ, ಮೈಸೂರಿನಿಂದ ಆರ್. ಶಾಮಶಾಸ್ತ್ರಿಗಳ ಸಂಪಾದಕತ್ವದಲ್ಲಿ ೧೯೨೬ರಲ್ಲಿಯೂ ಹೊರಬಂದವು. ಎರಡು ಮುದ್ರಣಗಳು ಒಂದು ವರ್ಷದ ಅಂತರದಲ್ಲಿ ಬಂದರೂ ಲೋಹಪ್ರತಿಮೆಯ ಭಾಗವನ್ನು ಪ್ರತ್ಯೇಕವಾಗಿ ತೆಗೆದು ವಿದ್ವಲ್ಲೋಕದ ಮುಂದಿರಿಸಿದ್ದು ಎಸ್. ಕೆ. ಸರಸ್ವತಿಯವರು, ೧೯೩೬ರಲ್ಲಿ. ಅಂದಿನಿಂದ ಶಿಲ್ಪಕಲೆಯ ಇತಿಹಾಸಕಾರರು ಈ ಭಾಗವನ್ನು ಮತ್ತೆ ಮತ್ತೆ ಉಲ್ಲೇಖಿಸುತ್ತ ಬಂದಿದ್ದಾರೆ. ಸಿದ್ಧಾಂತಗ್ರಂಥಗಳ ವ್ಯಾಖ್ಯಾನಕಾರರು ಮಾತ್ರ ಅದರ ಕಡೆಗೆ ನೋಡಿದಂತಿಲ್ಲ. ಶಿಲ್ಪದವರು ಒಂದು ಕಪಾಟಿನ ಪುಸ್ತಕಗಳನ್ನು, ಸಿದ್ಧಾಂತದವರು ಇನ್ನೊಂದು ಕಪಾಟಿನ ಪುಸ್ತಕಗಳನ್ನು ಓದುವ ಪದ್ಧತಿಯ ಫಲವಿದು.

ಮಾನಸೋಲ್ಲಾಸ ಹೇಳುವ ಕ್ರಮದ ತಾತ್ಪರ್ಯ ಇಷ್ಟು. ನವತಾಲ ಪ್ರಮಾಣದಂತೆ ಸರ್ವಾವಯವಗಳಿಂದ ಕೂಡಿದ ಪ್ರತಿಮೆಯನ್ನು ಮೊದಲು ಮೇಣದಲ್ಲಿ ಮಾಡಬೇಕು. ಅದರ ಬೆನ್ನು, ಹೆಗಲು, ಕೊರಳು ಅಥವಾ ಕಿರೀಟದ ಸ್ಥಾನದಲ್ಲಿ ಉಮ್ಮತ್ತದ ಹೂವಿನಷ್ಟು ನೀಳವಾದ ಮೇಣದ ನಾಳಗಳನ್ನು ಇಡಬೇಕು. ಸುಟ್ಟ ಹೊಟ್ಟು, ನೂರು ಸಲ ಕತ್ತರಿಸಿದಂತಹ ಸಣ್ಣ ಹತ್ತಿ, ಸ್ವಲ್ಪ ಉಪ್ಪು ಇವುಗಳನ್ನು ಬೆರೆಸಿ ನುಣ್ಣನೆಯ ಕಲ್ಲಿನ ಮೇಲೆ ಅರೆದ ಮಣ್ಣನ್ನು ಅದಕ್ಕೆ ಮೂರು ಬಾರಿ ಬಳಿಯಬೇಕು. ಮೊದಲ ಲೇಪ ತೀರ ತೆಳುವಾಗಿದ್ದು ನೆರಳಿನಲ್ಲಿ ಒಣಗಬೇಕು. ಎರಡು ದಿನಗಳ ಮೇಲೆ ಎರಡನೆಯದು. ಅದೂ ಒಣಗಿದ ಮೇಲೆ ಮೂರನೆಯದು ದಪ್ಪನಾಗಿ. ನಾಳಗಳ ಬಾಯಿಯನ್ನು ಮಾತ್ರ ಮುಚ್ಚಬಾರದು. ಲೋಹವನ್ನು ತೆಂಗಿನಕಾಯಿಯ ಆಕಾರದ ಮೂಷೆಯಲ್ಲಿ ಬೇರೆಯಾಗಿ ಕಾಸಬೇಕು. ಮಣ್ಣಿನ ಅಚ್ಚನ್ನು ಬೆಂಕಿಗೊಡ್ಡಿ ಮೇಣವನ್ನು ಕರಗಿಸಿ ಹೊರಹಾಕಬೇಕು. ಅನಂತರ ಮೂಷೆಯ ಮೇಲ್ಭಾಗವನ್ನು ಕಬ್ಬಿಣದ ಸಲಾಕೆಯಿಂದ ತೂತುಮಾಡಿ, ಇಕ್ಕಳದಿಂದ ಬಿಗಿಯಾಗಿ ಹಿಡಿದು, ನಾಳದ ಬಾಯಲ್ಲಿ ಉರಿಯುವ ಬತ್ತಿಯನ್ನಿಟ್ಟು, ಧಾರೆ ಕಡಿಯದಂತೆ ಹೊಯ್ದು, ನಾಳ ತುಂಬಿದೊಡನೆ ನಿಲ್ಲಿಸಬೇಕು. ತಾನಾಗಿ ತಣಿದ ಮೇಲೆ ಮಣ್ಣನ್ನು ಒಡೆದರೆ ಮೇಣದ ಪ್ರತಿಮೆಯಂತೆಯೇ ಲೋಹದ ಪ್ರತಿಮೆ ದೊರೆಯುತ್ತದೆ. ಹೆಚ್ಚಾದುದನ್ನು ಉಜ್ಜಿ, ನಾಳವನ್ನು ಕಡಿದು, ಮೆರುಗು ಕೊಡಬೇಕು.

ಈ ಕ್ರಮದಲ್ಲಿ ಒಂದು ನಡುಗಾಲವಿದೆ. ಮೇಣ ಹೋಗಿದೆ, ಲೋಹ ಬಂದಿಲ್ಲ. ಹೊರಗಿನಿಂದ ನೋಡಿದರೆ ಅದೊಂದು ಸುಟ್ಟ ಮಣ್ಣಿನ ಮುದ್ದೆ. ಒಳಗೆ ಯಾವ ದ್ರವ್ಯವೂ ಕಾಣದು. ಆದರೆ ಕಣ್ಣು, ಮೂಗು, ಬೆರಳುಗಳ ಸಂಧಿ ಮೊದಲಾದ ಪ್ರತಿಯೊಂದು ಅವಯವದ ಆಕಾರವೂ ಎಳ್ಳಷ್ಟೂ ಕೆಡದೆ ನಿಂತಿದೆ. ಗತಸಿಕ್ಥಮೂಷಾಗರ್ಭವೆಂದರೆ ಇದೇ. ತಿಲೋಯಪಣ್ಣತ್ತಿಕಾರರ ದೃಷ್ಟಿ ನಿಂತದ್ದು ಕಂಚುಗಾರನು ನಿಲ್ಲದೆ ದಾಟಿಹೋಗುವ ಈ ಒಂದು ಗಳಿಗೆಯಲ್ಲಿ. ಕಂಚುಗಾರನಿಗೆ ಆ ಬಯಲು ಸಾಧನಮಾತ್ರ. ಶಾಸ್ತ್ರಕಾರನಿಗೆ ಅದೇ ಸಾಧ್ಯದ ಚಿತ್ರ.

ಆ ಬಯಲನ್ನು ಕಣ್ಣಿನಿಂದ ಅಳೆಯಲಾಗದು. ಆದುದರಿಂದ ಕಂಚುಗಾರನು ಮೊದಲೇ ಮೇಣವನ್ನು ತೂಗಿಡುತ್ತಾನೆ. ಮಾನಸೋಲ್ಲಾಸದ ತೂಕದ ಲೆಕ್ಕ ಇದೇ ಸ್ಥಳದಲ್ಲಿ ಬರುತ್ತದೆ. ಬೆಳ್ಳಿಗೆ ಮೇಣದ ಹನ್ನೆರಡು ಮಡಿ, ಚಿನ್ನಕ್ಕೆ ಹದಿನಾರು ಮಡಿ. ತಾಮ್ರ ಹಿತ್ತಾಳೆಗಳಿಗೆ ಈಗ ಪ್ರಚಲಿತವಿರುವ ವಿವರಣೆಗಳಲ್ಲಿ ಎಂಟೆಂದೂ ಹತ್ತೆಂದೂ ಎರಡು ಬಗೆ ಕಾಣುತ್ತದೆ. ತಕ್ಕಡಿಗೆ ಹಾಕಿ ನೋಡಿದರೆ ಹತ್ತೇ ಸರಿ. ನೀರಿಗೆ ಹೋಲಿಸಿದಾಗ ಮೇಣದ ಸಾಂದ್ರತೆ ಸುಮಾರು ೦.೯೬, ತಾಮ್ರದ್ದು ೮.೯, ಆದುದರಿಂದ ಮೇಣ ಬಿಟ್ಟ ಜಾಗ ತುಂಬಲು ಒಂಬತ್ತು ಮಡಿಗಿಂತ ಹೆಚ್ಚು ತಾಮ್ರ ಬೇಕು. ಎಂಟು ಮಡಿ ಸಾಲದು. ಬೆಳ್ಳಿಗೆ ಸುಮಾರು ಹನ್ನೊಂದು ಮಡಿ ಸಾಕಾದುದರಿಂದ ಹನ್ನೆರಡರಲ್ಲಿ ಸ್ವಲ್ಪ ಮಿಗುತ್ತದೆ. ಚಿನ್ನಕ್ಕಾದರೋ ಅಪ್ಪಟವಾಗಿದ್ದರೆ ಇಪ್ಪತ್ತು ಮಡಿ ಬೇಕು. ಹದಿನಾರರಲ್ಲಿ ಪ್ರತಿಮೆ ಪೂರ್ತಿಯಾಗುವುದಿಲ್ಲ. ಹಾಗೆಂದು ಪಾಠವನ್ನು ತಿದ್ದಬಹುದೇ? ಎಂಟು, ಹನ್ನೆರಡು, ಹದಿನಾರು ಎಂಬುದು ನಾಲ್ಕು ನಾಲ್ಕರ ಏರಿಕೆ. ಬಾಯಿಪಾಠಕ್ಕೆ ಒಗ್ಗುವ ಲೆಕ್ಕ. ಚಿನ್ನದ ಸಂಖ್ಯೆ ವಸ್ತುಸ್ಥಿತಿಗೆ ಇಷ್ಟು ದೂರವಾಗಿರುವುದನ್ನು ನೋಡಿದರೆ ಈ ಮೂರೂ ಕಮ್ಮಟದ ತಕ್ಕಡಿಯಿಂದ ಬಂದವಲ್ಲ, ಸ್ಮರಣೆಯ ಅನುಕೂಲದಿಂದ ಬಂದವೆನ್ನಬೇಕಾಗುತ್ತದೆ. ಆದುದರಿಂದ ಎಂಟು ಎಂಬುದೇ ಗ್ರಂಥಕಾರನ ಪಾಠವಾಗಿರಲು ಹೆಚ್ಚು ಸಂಭವ. ಹತ್ತು ಎಂಬುದು ಕೆಲಸ ಬಲ್ಲವರು ಮಾಡಿದ ಸುಧಾರಣೆಯಂತೆ ತೋರುತ್ತದೆ. ವಸ್ತುವಿಗೆ ಸರಿಯಾದುದೆಲ್ಲ ಪಾಠಕ್ಕೆ ಸರಿಯಾದುದಲ್ಲ. ಸಂಪಾದಕನು ಮೂಲದಲ್ಲಿ ಎಂಟನ್ನೇ ಉಳಿಸಿ, ಹತ್ತನ್ನು ಟಿಪ್ಪಣಿಗೆ ಇಳಿಸುವುದು ಮೇಲು.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ. ಅದನ್ನು ಮರೆಮಾಚುವುದು ನ್ಯಾಯವಲ್ಲ. ಮಾನಸೋಲ್ಲಾಸದಲ್ಲಿಯೇ ಮೂಷೆಯೆಂದರೆ ಲೋಹ ಕರಗಿಸುವ ಪಾತ್ರೆ, ಪ್ರತಿಮೆಯ ಅಚ್ಚಲ್ಲ. ಹೀಗಿರುವಲ್ಲಿ ಅದೇ ಗ್ರಂಥದ ಬಲದಿಂದ ಮೂಷೆಗೆ ಅಚ್ಚೆಂಬ ಅರ್ಥ ಹೇಳುವುದು ಹೇಗೆ? ಉತ್ತರವಿದು: ಮಾನಸೋಲ್ಲಾಸದಿಂದ ಪಡೆಯಬೇಕಾದುದು ಶಬ್ದಾರ್ಥವನ್ನಲ್ಲ, ಕ್ರಿಯೆಯ ಜ್ಞಾನವನ್ನು. ಮೇಣ ತುಂಬಿ, ಮೇಣ ಹೋಗಿ, ಆಕಾರ ಉಳಿಯುವ ವಸ್ತು ಈ ಕ್ರಿಯೆಯಲ್ಲಿ ಒಂದೇ ಒಂದು, ಅದು ಅಚ್ಚು. ‘ಸಿಕ್ಥ’ವೆಂಬ ವಿಶೇಷಣವೇ ಮೂಷಾಶಬ್ದವನ್ನು ಆ ಅರ್ಥದಲ್ಲಿ ನಿಯಮಿಸುತ್ತದೆ. ಶಬ್ದಕ್ಕೆ ಆ ಅರ್ಥ ಹೊಸದೂ ಅಲ್ಲ. ಕಾಸರಗೋಡಿನ ದಕ್ಷಿಣಕ್ಕಿರುವ ಕಣ್ಣೂರು ಜಿಲ್ಲೆಯ ಕುಂಞಿಮಂಗಲದಲ್ಲಿ ಮೇಣದ ವಿಧಾನದಿಂದ ವಿಗ್ರಹಗಳನ್ನು ಎರಕ ಹೊಯ್ಯುವ ಮನೆತನಗಳಿವೆ. ಅವರನ್ನು ಮೂಶಾರಿಗಳೆಂದು ಕರೆಯುತ್ತಾರೆ, ಮಲಯಾಳದಲ್ಲಿ ‘ಮೂಶ’ವೆಂದರೆ ಎರಕದ ಅಚ್ಚೆಂಬ ಅರ್ಥ ಇಂದಿಗೂ ಜೀವಂತವಾಗಿದೆ. ಪೂರ್ವಭಾರತದ ಡೋಕ್ರಾ ಕೆಲಸಗಾರರಲ್ಲಿ ಕೆಲವರು ಲೋಹದ ಚೂರುಗಳಿರುವ ಪಾತ್ರೆಯನ್ನು ಅಚ್ಚಿನ ಬಾಯಿಗೇ ಮಣ್ಣಿನಿಂದ ಬೆಸೆದು, ಎರಡನ್ನೂ ಒಟ್ಟಿಗೆ ಕಾಸಿ, ತಲೆಕೆಳಗು ಮಾಡಿ ಲೋಹವನ್ನು ಒಳಗಿಳಿಸುತ್ತಾರೆ. ಅಂತಹ ಪದ್ಧತಿಯಲ್ಲಿ ಕರಗಿಸುವ ಪಾತ್ರೆ, ಅಚ್ಚು ಎಂಬ ಭೇದವೇ ಅಳಿದು ಒಂದೇ ಹೆಸರು ಎರಡಕ್ಕೂ ಸಲ್ಲುವುದರಲ್ಲಿ ಆಶ್ಚರ್ಯವಿಲ್ಲ. ಕನ್ನಡವು ಒಂದರ್ಥವನ್ನು ಉಳಿಸಿಕೊಂಡಿತು, ಮಲಯಾಳವು ಇನ್ನೊಂದನ್ನು.

ಬೀದರದ ಸಾಕ್ಷ್ಯ ಇಲ್ಲಿ ಉಪಯೋಗಕ್ಕೆ ಬಾರದು, ಮಾತ್ರವಲ್ಲ, ದಾರಿ ತಪ್ಪಿಸಲೂಬಹುದು. ಈಗ ಬಿದರಿ ಪಾತ್ರೆಗಳ ಎರಕ ಮರಳಿನ ಅಚ್ಚಿನಲ್ಲಿ ನಡೆಯುತ್ತದೆ. ಮಾದರಿಯನ್ನು ಮರಳಿನಲ್ಲಿ ಒತ್ತಿ, ಹೊರಗೆ ತೆಗೆದು, ಆ ಗುಳಿಯಲ್ಲಿ ಸತುವು ತಾಮ್ರಗಳ ಮಿಶ್ರಲೋಹವನ್ನು ಹೊಯ್ಯುತ್ತಾರೆ. ಅಲ್ಲಿ ಮಾದರಿ ನಾಶವಾಗುವುದಿಲ್ಲ. ಮತ್ತೆ ಮತ್ತೆ ಬಳಕೆಗೆ ಬರುತ್ತದೆ. ಎರಕವೆಂದರೆ ಇಷ್ಟೇ ಎಂದು ತಿಳಿದವನಿಗೆ ‘ಗತ’ ಶಬ್ದದ ತೂಕ ತಿಳಿಯದು. ಅದು ‘ತೆಗೆದ’ ಅಲ್ಲ, ‘ಹೋದ’. ಮರಳಿ ಬಾರದಂತೆ ಹೋದ. ಕರ್ಮನೋಕರ್ಮಗಳು ಹೋಗುವುದೂ ಹಾಗೆಯೇ.

ಮಳಖೇಡದ ನೇಮಿನಾಥ ಬಸದಿಯಲ್ಲಿ ೯೬ ಬಿಂಬಗಳಿರುವ ಪಂಚಲೋಹದ ಮಂದಿರವಿದೆ. ಶ್ರವಣಬೆಳಗೊಳದಿಂದ ಹೋಗಿ ಈಗ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿರುವ ಬಾಹುಬಲಿಯ ಕಂಚಿನ ಬಿಂಬದಲ್ಲಿ ತೊಡೆತೋಳುಗಳನ್ನು ಸುತ್ತಿದ ಬಳ್ಳಿ, ಭುಜದ ಮೇಲಿಳಿದ ಜಟೆ ಇವು ಸ್ಫುಟವಾಗಿವೆ. ಇಂತಹ ಸೂಕ್ಷ್ಮಗಳನ್ನು ಎರಡು ಹೋಳಿನ ಮರಳಿನ ಅಚ್ಚಿನಿಂದ ಬಿಡಿಸಿ ತೆಗೆಯುವುದು ಕಷ್ಟ. ಮೇಣದ ದಾರಿಯೇ ಅವಕ್ಕೆ ಯೋಗ್ಯ. ಜಿನಬಿಂಬಗಳ ಪ್ರತಿಷ್ಠೆಯನ್ನು ಕಾಣುತ್ತಿದ್ದ ಆಚಾರ್ಯರಿಗೆ ಆ ಬಿಂಬಗಳು ಹುಟ್ಟುವ ಬಗೆ ಅಪರಿಚಿತವಾಗಿರಲಾರದು. ಆದರೂ ಆಶಾಧರನೇ ಮೊದಲಾದವರ ಪ್ರತಿಷ್ಠಾಗ್ರಂಥಗಳು ಬಿಂಬದ ಲಕ್ಷಣಕ್ಕೆ, ಸಂಸ್ಕಾರಕ್ಕೆ ಕೊಟ್ಟ ಗಮನವನ್ನು ಎರಕದ ಕ್ರಿಯೆಗೆ ಕೊಟ್ಟಿಲ್ಲ. ಶಿಲ್ಪಿಯ ಕೆಲಸವನ್ನು ಶಿಲ್ಪಿಗೇ ಬಿಟ್ಟರು. ಕ್ರಿಯೆಯ ನೆನಪು ಸಿದ್ಧಾಂತಗ್ರಂಥದ ಒಂದು ದೃಷ್ಟಾಂತದಲ್ಲಿ ಅಡಗಿ ಉಳಿದದ್ದು ವಿಚಿತ್ರವೇ ಸರಿ.

ಅಚ್ಚೆಂಬ ಅರ್ಥವನ್ನು ಒಪ್ಪಿದರೆ ಸಿದ್ಧಾಂತದ ಕೆಲವು ಮಾತುಗಳು ಹೆಚ್ಚು ಬೆಳಗುತ್ತವೆ. ಮಾನಸೋಲ್ಲಾಸದ ವಿಧಾನ ಘನಬಿಂಬದ್ದು. ಶ್ರೀಕುಮಾರನ ಶಿಲ್ಪರತ್ನದಲ್ಲಿ ಸುಷಿರಬಿಂಬದ ವಿಧಾನವಿದೆ. ಅಲ್ಲಿ ಒಳಗೆ ಮಣ್ಣಿನ ತಿರುಳಿದ್ದು ಅದರ ಮೇಲೆ ಮೇಣದ ಪದರ ಮಾತ್ರವಿರುತ್ತದೆ, ಮೇಣ ಹೋದರೆ ಉಳಿಯುವುದು ಸಿಪ್ಪೆಯಂತಹ ಎಡೆ. ಸಿದ್ಧನ ಆತ್ಮಪ್ರದೇಶಗಳು ನಿರಂತರವಾಗಿ ಘನವಾಗಿರುವುವೆಂಬ ಸಿದ್ಧಾಂತಕ್ಕೆ ಹೊಂದುವುದು ಘನಬಿಂಬದ ಅಚ್ಚೇ ಹೊರತು ಸುಷಿರಬಿಂಬದ್ದಲ್ಲ. ‘ಕಿಂಚಿದೂನ’ವೆಂಬ ಮಾತಿಗೆ ಬ್ರಹ್ಮದೇವನು ನಾಸಿಕಾದಿ ರಂಧ್ರಗಳ ಎಡೆಯನ್ನು ಕಾರಣವಾಗಿ ಹೇಳುತ್ತಾನೆ. ಇದನ್ನು ಲೋಹವು ತಣಿಯುವಾಗ ಕುಗ್ಗುವುದಕ್ಕೆ ಹೋಲಿಸುವ ಜಾಣತನ ಬೇಡ. ದೃಷ್ಟಾಂತ ಲೋಹದವರೆಗೆ ಹೋಗುವುದೇ ಇಲ್ಲ. ಶರೀರವೆಂಬ ಆವರಣ ಹೋದ ಮೇಲೆ ಜೀವನು ದೀಪದ ಬೆಳಕಿನಂತೆ ಏಕೆ ಹರಡಿಕೊಳ್ಳುವುದಿಲ್ಲವೆಂಬ ಶಂಕೆಗೆ, ಹಸಿಮಣ್ಣಿನ ಪಾತ್ರೆ ಒಣಗಿದ ಮೇಲೆ ಹಿಗ್ಗುಕುಗ್ಗುಗಳಿಲ್ಲದಿರುವುದನ್ನು ಅವನು ಉದಾಹರಿಸುವುದಂತೂ ಈ ಅಚ್ಚಿನ ಮಣ್ಣಿಗೆ ಬಲು ಹತ್ತಿರದ ಮಾತು.

ತಿಲೋಯಪಣ್ಣತ್ತಿಯಲ್ಲಿ ಇನ್ನೊಂದು ಸ್ವಾರಸ್ಯವಿದೆ. ಸಿದ್ಧರು ‘ಪುಹ ಪುಹ’, ಎಂದರೆ ಬೇರೆ ಬೇರೆಯಾಗಿ ಹಾಗಿರುವರೆಂದು ಅಲ್ಲಿ ಹೇಳಿದೆ. ಮೇಣದ ವಿಧಾನದಲ್ಲಿ ಒಂದು ಅಚ್ಚಿಗೆ ಒಂದೇ ಬಿಂಬ. ಅಚ್ಚನ್ನು ಒಡೆಯದೆ ಬಿಂಬ ಹೊರಬರದು. ಒಬ್ಬ ಸಿದ್ಧನ ಅವಗಾಹದಲ್ಲಿ ಅನಂತ ಸಿದ್ಧರು ಇದ್ದರೂ ಒಬ್ಬೊಬ್ಬರ ಸತ್ತೆಯೂ ಪ್ರತ್ಯೇಕವೆಂಬ ತತ್ತ್ವಕ್ಕೆ ಇದು ಎಷ್ಟು ಒಪ್ಪುತ್ತದೆ! ಒಂದೇ ಮಾದರಿಯಿಂದ ನೂರು ತೆಗೆಯುವ ಮರಳಿನ ಅಚ್ಚಿನಲ್ಲಾಗಲಿ, ಒಂದೇ ಗುಳಿಯುಳ್ಳ ಅಕ್ಕಸಾಲಿಗನ ಮೂಸೆಯಲ್ಲಾಗಲಿ ಈ ಪ್ರತ್ಯೇಕತೆ ತೋರದು. ಗ್ರಂಥಕಾರರು ಇಷ್ಟನ್ನೂ ಉದ್ದೇಶಿಸಿದ್ದರೆಂದು ಸಾಧಿಸುವ ಅಗತ್ಯವಿಲ್ಲ. ಅಂತೆಯೇ ದೃಷ್ಟಾಂತವನ್ನು ಅತಿಯಾಗಿ ಎಳೆದು, ಅಚ್ಚಿನೊಳಗೆ ಏನೂ ಇಲ್ಲವಾದುದರಿಂದ ಸಿದ್ಧನೂ ಶೂನ್ಯನೆಂದು ಯಾರೂ ಹೇಳಬಾರದು. ಹೋಲಿಕೆ ಆಕಾರದಲ್ಲಿ ಮಾತ್ರ; ದ್ರವ್ಯದಲ್ಲಿ ಅವನು ಜ್ಞಾನಘನ.

ಬಸದಿಗಳಲ್ಲಿ ಲೋಹದ ತಗಡಿನ ನಡುವೆ ಪುರುಷಾಕಾರವನ್ನು ಕೊರೆದು ತೆಗೆದು, ಆ ಬಯಲನ್ನೇ ಸಿದ್ಧಪರಮೇಷ್ಠಿಯೆಂದು ಪೂಜಿಸುವ ಪದ್ಧತಿಯಿದೆ. ಇದು ಗತಸಿಕ್ಥಮೂಷಾಗರ್ಭದ ಮೂರ್ತರೂಪವೆಂದು ಹೇಳುವುದು ವಾಡಿಕೆ. ವಿಚಾರಿಸಿ ನೋಡಿದರೆ ತಗಡಿಗೆ ಉದ್ದಗಲಗಳಿವೆ, ಆಳವಿಲ್ಲ. ಅದರಲ್ಲಿ ಉಳಿಯುವುದು ಅಂಚಿನ ಗೆರೆ ಮಾತ್ರ. ಬೆನ್ನು, ಎದೆ, ಪಕ್ಕೆಗಳೆಂಬ ಎಲ್ಲ ದಿಕ್ಕಿನ ಪೂರ್ಣತೆಯುಳ್ಳ ಅಚ್ಚಿನ ಗರ್ಭಕ್ಕೆ ಅದು ಸಮನಲ್ಲ. ಬ್ರಹ್ಮದೇವನ ಎರಡನೆಯ ದೃಷ್ಟಾಂತವಾದ ಛಾಯಾಪ್ರತಿಮೆಗೆ ಅದು ಹೆಚ್ಚು ಹತ್ತಿರ; ನೆರಳಿಗೂ ಗೆರೆಯುಂಟು, ಆಳವಿಲ್ಲ. ಅವನು ಎರಡು ದೃಷ್ಟಾಂತಗಳನ್ನು ‘ಅಥವಾ’ ಎಂದು ಬೇರೆಬೇರೆಯಾಗಿ ಇಟ್ಟಿರುವಾಗ ಅವೆರಡನ್ನೂ ಒಂದೇ ತಗಡಿನಲ್ಲಿ ಕಾಣಿಸುವುದು ಸಮಂಜಸವಲ್ಲ. ಇದರಿಂದ ಆ ಪ್ರತಿಮೆಯ ಪೂಜ್ಯತೆಗೆ ಯಾವ ಕೊರತೆಯೂ ಇಲ್ಲ. ವ್ಯಾಖ್ಯಾನಕ್ಕೆ ಮಾತ್ರ ಕೊರತೆ.

ಮಧುತ್ಯಾಗವನ್ನು ಶ್ರಾವಕರ ಮೂಲಗುಣಗಳಲ್ಲಿ ಎಣಿಸುವ ಪರಂಪರೆಯಲ್ಲಿ ಜೇನುಮೇಣದ ದೃಷ್ಟಾಂತ ಹೇಗೆ ಬಂದಿತೆಂದು ಸಂಕೋಚಪಡುವವರೂ ಇದ್ದಾರೆ. ಅಗುಳೆಂಬ ಅರ್ಥಕ್ಕೆ ಮನಸ್ಸು ವಾಲುವುದಕ್ಕೆ ಇದೂ ಒಂದು ಕಾರಣವಿರಬಹುದು. 'ಮಧು' ಎಂಬುದು ಹೆಸರಿನಲ್ಲಿಯೇ ಸೇರಿರುವ ಮಧೂಚ್ಛಿಷ್ಟವನ್ನು ಬಿಟ್ಟು ಸಿಕ್ಥ ಶಬ್ದವನ್ನು ಆಚಾರ್ಯರು ಬಳಸಿರುವುದು ಗಮನಾರ್ಹ. ಲೋಕಪ್ರಸಿದ್ಧವಾದುದನ್ನು ದೃಷ್ಟಾಂತವಾಗಿ ಹೇಳುವುದು ಅದರ ಸೇವನೆಗೆ ಅನುಮತಿಯಲ್ಲ. ಸಂಕೋಚಕ್ಕಾಗಿ ಅರ್ಥವನ್ನು ಬದಲಿಸುವುದು ಮಾತ್ರ ಶಾಸ್ತ್ರಕ್ಕೆ ಅಪಚಾರ.

ದ್ರವ್ಯಸಂಗ್ರಹಕ್ಕೆ ಕನ್ನಡದಲ್ಲಿ ಅರ್ಥ ಬರೆಯುವವರು ಇನ್ನು ಮುಂದೆ ಈ ಸ್ಥಳದಲ್ಲಿ ‘ಮೂಸೆ’ ಎಂಬ ಶಬ್ದವನ್ನು ಬಿಟ್ಟು ‘ಜೇನುಮೇಣ ಕರಗಿಹೋದ ಎರಕದ ಅಚ್ಚಿನ ಒಳಬಯಲಿನಂತೆ’ ಎಂದು ಬರೆಯುವುದು ಉಚಿತ. ಮಾನಸೋಲ್ಲಾಸವನ್ನು ಕನ್ನಡಿಸುವವರಾದರೋ ಮೂಷೆಗೆ ಮೂಸೆಯೆಂದೇ ಬರೆಯಬೇಕು. ಓಲೆಯ ಪ್ರತಿಗಳಲ್ಲಿ ‘ಸಿಕ್ತ’ವೆಂದು ಕಂಡಲ್ಲಿ ಅದನ್ನು ಪಾಠಾಂತರವೆಂದು ಗೌರವಿಸದೆ ಲಿಪಿದೋಷವೆಂದು ಎಣಿಸಿ, ಮೂಲದಲ್ಲಿ ‘ಸಿಕ್ಥ’ವನ್ನೇ ನಿಲ್ಲಿಸಬೇಕು.